ಐದು ಮಂದಿಯ ಜಮಾತು

ನಮ್ಮ ಮನೆತನದಲ್ಲಿ ನನ್ನನ್ನು ಕುರಿತು ಒಂದು ಕಥೆ ಚಾಲ್ತಿಯಲ್ಲಿದೆ. ಕ್ರಿಸ್ಮಸ್ಸಿಗೆ ಎಲ್ಲರೂ ಕೂಡಿದಾಗ, ಮದುವೆಯ ಪಂಕ್ತಿಯಲ್ಲಿ ಅನ್ನದ ಹಿಂದೆ ಸಾರು ಬರುವುದು ತಡವಾದಾಗ, ಯಾರಾದರೊಬ್ಬರು ಅದನ್ನು ತೆಗೆಯುತ್ತಾರೆ. ಬೀದರಿನ ಬೋರ್ಡಿಂಗ್ ಶಾಲೆಯಲ್ಲಿ ಹೆಸರು ಹಚ್ಚಲು ನನ್ನನ್ನು ಕರೆದೊಯ್ದಿದ್ದರಂತೆ. ಅಲ್ಲಿಯ ಗುಮಾಸ್ತರು ‘ಜಮಾತ್ ಯಾವುದು?’ ಎಂದು ಕೇಳಿದರಂತೆ. ನಿಜಾಮರ ಕಾಲದ ಶಾಲೆಗಳಲ್ಲಿ ತರಗತಿಗೆ ಜಮಾತ್ ಎನ್ನುತ್ತಿದ್ದರು. ‘ನಾಲ್ಕನೆಯದು’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಹಳ್ಳಿಯ ಮಾತಿನಲ್ಲಿ ಜಮಾತು ಎಂದರೆ ಕೂಡಿ ಓಡಾಡುವ ಗುಂಪು. ಹುಡುಗಿ ದಡ್ಡಿ, ಗೆಳತಿಯರನ್ನು ಎಣಿಸಿ ‘ಐದು ಮಂದಿ ಅದೇವ್ರಿ’ ಎಂದಳಂತೆ. ಆಟದ ಮೋಹಕ್ಕೆ ಬಂಗಾರದಂಥ ಶಾಲೆಯನ್ನು ಕಳೆದುಕೊಂಡಳಂತೆ.

ನನಗೀಗ ಎಂಬತ್ತು. ಈ ‘ಅಂತೆ’ಗಳನ್ನು ಅರವತ್ತು ವರ್ಷಕ್ಕೂ ಮಿಕ್ಕಿ ಕೇಳಿದ್ದೇನೆ. ನಗುವವರ ಜೊತೆ ಕೂಡಿ ನಕ್ಕದ್ದೂ ಉಂಟು. ಅದು ನನ್ನ ತಪ್ಪು. ಕಥೆಯಲ್ಲಿ ಖರೆಯಾದದ್ದು ಎರಡೇ ಮಾತು: ಗುಮಾಸ್ತರು ಕೇಳಿದ್ದು, ನಾನು ಐದು ಎಂದದ್ದು. ಉಳಿದದ್ದನ್ನು ಹೇಳಿದವರು ಯಾರೂ ಆ ಕೋಣೆಯಲ್ಲಿ ಇರಲಿಲ್ಲ. ಇದ್ದವಳು ನಾನು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೇರಿದ ದಿನ ಮನೆಮನೆಯಲ್ಲಿಯೂ ಹಬ್ಬವಾಯಿತೆಂದು ಮುಂದೆ ಎಷ್ಟೋ ಕಡೆ ಓದಿದ್ದೇನೆ. ಬರೆದವರು ಎಲ್ಲಿ ನಿಂತು ಕಂಡರೋ ನನಗೆ ತಿಳಿಯದು. ನಮ್ಮೂರು ಭಾಲ್ಕಿಯಿಂದ ಒಂದೂವರೆ ತಾಸಿನ ನಡಿಗೆ. ಅಲ್ಲಿ ಅವತ್ತು ಜೋಳದ ಹೊಲದಲ್ಲಿ ಎಡೆಕುಂಟೆ ಹೊಡೆದರು. ಸಂಜೆ ಎಂದಿನಂತೆ ರೊಟ್ಟಿ ಬಡಿದರು. ರಾಜ್ಯ ಬದಲಾದದ್ದು ನಮಗೆ ತಿಳಿದದ್ದು ಮಾಸ್ತರರ ಮುಖ ಬಾಡಿದಾಗ. ಅವರು ನಮಗೆ ನಾಲ್ಕನೆಯ ತರಗತಿಯವರೆಗೆ ಮರಾಠಿಯಲ್ಲಿ ಕಲಿಸಿದವರು. ಬರುವ ವರ್ಷದಿಂದ ಭಾಲ್ಕಿಯಲ್ಲಿ ಐದನೆಯದು ಕನ್ನಡದಲ್ಲಿಯೇ ನಡೆಯುತ್ತದೆ ಎಂಬ ಸುದ್ದಿ ಬಂದ ಮೇಲೆ ಅವರು ಕನ್ನಡದ ಮೊದಲನೆಯ ಪುಸ್ತಕವನ್ನು ತರಿಸಿ, ಊಟದ ಬಿಡುವಿನಲ್ಲಿ ನಮಗೆ ಬೆನ್ನು ಮಾಡಿ ಕುಳಿತು, ಅಕ್ಷರಕ್ಕೊಮ್ಮೆ ಬೆರಳಿಟ್ಟು ಓದತೊಡಗಿದರು. ಸ್ವರ ವ್ಯಂಜನ ಹೇಗೋ ದಾಟಿದರು. ಒತ್ತಕ್ಷರಕ್ಕೆ ಬಂದು ನಿಂತರು. ಮರಾಠಿಯಲ್ಲಿ ಜೋಡಕ್ಷರ ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಕೆಳಗೆ ಇಳಿಯುತ್ತದೆ.

“ಏ ತಂಗಿ, ಇಲ್ಲಿ ಬಾ. ಇದು ಯಾಕ ಹೀಂಗ ಕಾಲಾಗ ಜೋತು ಬಿದ್ದದ ನೋಡು?” ಎಂದು ಒಂದು ದಿನ ನನ್ನನ್ನೇ ಕರೆದರು.

ನಾನು ಓದಿ ಹೇಳಿದೆ. ಇಡೀ ಶಾಲೆಯಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನಮ್ಮದು ಮೆಥೊಡಿಸ್ಟರ ಮನೆ. ಪ್ರಾರ್ಥನೆಯ ಹಾಡಿನ ಪುಸ್ತಕ ಕನ್ನಡದ್ದು. ಅಜ್ಜಿಗೆ, ಎಂದರೆ ನಮ್ಮ ಆಯಿಗೆ, ಕಣ್ಣು ಮಂಜಾದ ಮೇಲೆ ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಡು ಮೊದಲೇ ಬಾಯಲ್ಲಿದ್ದುದರಿಂದ ಅಕ್ಷರ ತಾನಾಗಿಯೇ ಹಿಂದೆ ಬಂತು.

ನಾಲ್ಕನೆಯದು ಮುಗಿಸಿದ ಹುಡುಗಿಯರು ನಾವು ಐವರು: ಪಟೇಲರ ಮೊಮ್ಮಗಳು, ದರ್ಜಿಯ ಮಗಳು, ಆಗತಾನೇ ಬುದ್ಧನ ದಾರಿ ಹಿಡಿದಿದ್ದ ಓಣಿಯ ಅಕ್ಕತಂಗಿಯರಿಬ್ಬರು, ಮತ್ತು ನಾನು. ಐದನೆಯದಕ್ಕೆ ಭಾಲ್ಕಿಗೆ ನಡೆದು ಹೋಗಬೇಕು. ನಡುವೆ ಒಂದು ಹಳ್ಳ, ಹಳ್ಳದಾಚೆ ಕಡಿಯುವ ನಾಯಿಗಳಿದ್ದ ಒಂದು ಕುರಿಹಟ್ಟಿ. ಮೂರೂ ಮನೆಯವರು ಒಂದೇ ಕರಾರು ಹಾಕಿದ್ದರು. ದರ್ಜಿಯ ಹೆಂಡತಿ ಅದನ್ನು ನನ್ನ ಎದುರಿಗೇ ಹೇಳಿದಳು: “ನೀ ಇದ್ದಿ ಅಂದ್ರ ಕಳಸ್ತೀನಿ ಬೇಟಾ. ನಿನ್ನ ಕೈಯಾಗ ಬಡಿಗಿ ಇದ್ರ ನಾಯಿ ಅಂಜ್ತಾವ, ನಿನ್ನ ಬಾಯಾಗ ಕನ್ನಡ ಅದ. ನೀ ಇಲ್ಲಂದ್ರ ಮನ್ಯಾಗ ಮಷೀನ್ ಅದ, ಆಕೀಗಿ ಅದರ ಮುಂದ ಕೂಡಸ್ತೀನಿ.” ಪಟೇಲರೂ ಇದನ್ನೇ ಹೇಳಿದರು, ಅಕ್ಕತಂಗಿಯರ ತಾಯಿಯೂ ಇದನ್ನೇ ಹೇಳಿದಳು. ಆ ವಯಸ್ಸಿಗೆ ನಾನು ಉಳಿದವರಿಗಿಂತ ಒಂದು ಗೇಣು ಎತ್ತರವಿದ್ದೆ, ಯಾರ ಮಾತಿಗೂ ಬಗ್ಗುತ್ತಿರಲಿಲ್ಲ.

ಅಷ್ಟರಲ್ಲಿ ಔರಾದದಿಂದ ಕಾಕಾ ಬಂದರು. ಅಪ್ಪನ ತಮ್ಮ, ಅಲ್ಲಿಯ ತಹಸೀಲಿಯಲ್ಲಿ ಕಾರಕೂನರು. ಉರ್ದುವಿನಲ್ಲಿ ಮುತ್ತಿನಂತೆ ಬರೆಯುವವರು, ಆಗ ಕಂಗಾಲಾಗಿದ್ದರು.

“ಅಣ್ಣಾ, ಇನ್ನ ಉರ್ದು ಹೋತು, ಮರಾಠಿನೂ ಹೋತು. ಈ ವಯಸ್ಸಿನಾಗ ನಾ ಅ ಆ ತಿದ್ಲಾಕತ್ತೀನಿ. ಮೈಸೂರ ಕಡಿಯ ಸಾಹೇಬರು ಬಂದಾರ. ಅವರು ಏನ್ ಅಂದ್ರು ಅಂತ ತಿಳಿಯೂದ್ರಾಗ ಕಚೇರಿ ಬಂದ್ ಆಗ್ತದ.”

“ಅವರು ಮಾತಾಡೂದೂ ಕನ್ನಡಾನೇ ಅಲ್ಲೇನೋ?” ಎಂದಳು ಆಯಿ.

“ಕನ್ನಡಾನೇ ಅವ್ವಾ. ಖರೆ, ನಮ್ಮದಲ್ಲ.”

ಬಂದ ಕಾರಣವನ್ನು ಆಮೇಲೆ ಹೇಳಿದರು. ಬೀದರಿನ ಬೋರ್ಡಿಂಗಿನಲ್ಲಿ ಒಂದು ಸೀಟು ಖಾಲಿ ಇದೆ, ಪಾದ್ರಿಯವರು ಚೀಟಿ ಕೊಟ್ಟಿದ್ದಾರೆ. ಅಲ್ಲಿ ಕನ್ನಡ, ಇಂಗ್ಲಿಷು, ಗಣಿತ ಎಲ್ಲಕ್ಕೂ ಬೇರೆ ಬೇರೆ ಟೀಚರುಗಳಿದ್ದಾರೆ. “ಭಾಲ್ಕಿ ಸಾಲ್ಯಾಗ ಏನ್ ಅದ ಹೇಳ್ರಿ? ಮೂರ ತರಗತಿಗಿ ಒಬ್ಬ ಮಾಸ್ತರ. ಅವನೂ ಸಂತಿ ದಿನ ಬರಂಗಿಲ್ಲ.”

“ಕಾಕಾ, ಉಳದ ನಾಲ್ಕು ಮಂದಿ?” ಎಂದೆ.

“ಅದು ಅವರವರ ಮನಿಯವರಿಗಿ ಬಿಟ್ಟದ್ದು. ನೀ ಏನ್ ಅವರ ಸರಪಂಚ ಇದ್ದಿಯೇನ?”

ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗದೆ, “ನೋಡಿ ಬರೋಣು ನಡಿ. ನೋಡಲಾರದೇ ಹೂಂ ಅನ್ನಬಾರದು, ಊಹೂಂ ಅನ್ನಬಾರದು,” ಎಂದರು.

ನೋಡಿ ಬಂದೆವು. ಆ ಶಾಲೆಯನ್ನು ಹಳಿದು ನನ್ನ ಆಯ್ಕೆಯನ್ನು ದೊಡ್ಡದು ಮಾಡಿಕೊಳ್ಳುವ ಮನಸ್ಸು ನನಗಿಲ್ಲ. ಶಾಲೆ ನಿಜವಾಗಿಯೂ ಒಳ್ಳೆಯದಿತ್ತು. ಊರ ನಡುವಿನ ಚೌಬಾರಾ ಗೋಪುರವನ್ನು ದಾಟಿ ನಡೆದು ಅಲ್ಲಿಗೆ ಮುಟ್ಟಿದಾಗ ಒಂದು ತರಗತಿ ನಡೆದಿತ್ತು. ಟೀಚರು ಒಂದು ಪೇರಲ ಹಣ್ಣನ್ನು ಮೇಜಿನ ಮೇಲೆ ಕೊಯ್ದು ಕಾಲು, ಅರ್ಧ, ಮುಕ್ಕಾಲು ತೋರಿಸುತ್ತಿದ್ದರು. ನಾನು ಮೂರು ವರ್ಷ ಪಾವಕಿ, ನಿಮಕಿ ಎಂದು ಕಾಲಿನ ಮಗ್ಗಿ, ಅರ್ಧದ ಮಗ್ಗಿಗಳನ್ನು ಗಟ್ಟಿ ಮಾಡಿದ್ದೆ. ಅವು ಏನೆಂದು ಅವತ್ತು ಕಿಟಕಿಯ ಹೊರಗೆ ನಿಂತು ತಿಳಿದುಕೊಂಡೆ. ಗಾಜಿನ ಬಾಗಿಲಿನ ಕಪಾಟಿನಲ್ಲಿ ಪುಸ್ತಕಗಳಿದ್ದವು. ಬಣ್ಣದ ಭೂಗೋಳವನ್ನು ಒಬ್ಬ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಆ ಕೆಲಸ ನನಗೆ ಸಿಗಬಾರದೇ ಎನಿಸಿತು. ಆಸೆಯಾಗಲಿಲ್ಲ ಎಂದು ಯಾರಾದರೂ ಬರೆದರೆ ನಂಬಬೇಡಿ.

ಅಲ್ಲಿಯ ಹುಡುಗಿಯರೆಲ್ಲ ನಮ್ಮಂಥ ಮನೆಯವರೇ. ಅವೇ ಹಾಡು, ಅವೇ ಪ್ರಾರ್ಥನೆ. ಊಟಕ್ಕೆ ಸಾಲಾಗಿ ಹೋಗಿ ಮಾತಿಲ್ಲದೆ ಉಂಡರು. ತಿಂಗಳಿಗೊಮ್ಮೆ ಮನೆಯವರು ಬಂದು ನೋಡಬಹುದು. ಅದು ತಪ್ಪು ಎನ್ನುವುದಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ.

ಹೆಡ್‌ಮಿಸ್ಟ್ರೆಸ್ ನನ್ನಿಂದ ಒಂದು ಪಾಠ ಓದಿಸಿ, ಎರಡು ಲೆಕ್ಕ ಮಾಡಿಸಿ, ತಲೆಯಾಡಿಸಿ ನಮ್ಮನ್ನು ಗುಮಾಸ್ತರ ಮೇಜಿಗೆ ಕಳಿಸಿದರು. ಕಥೆ ಹೇಳುವವರು ನುಂಗಿ ಹಾಕುವುದು ಇಲ್ಲಿಂದ ಮುಂದಿನದನ್ನು. ಅರ್ಜಿಯ ಕಾಗದ ಹೊಸದು, ಕನ್ನಡದಲ್ಲಿ ಅಚ್ಚಾದದ್ದು. ಗುಮಾಸ್ತರು ನಮ್ಮ ಕಾಕಾರಂತೆಯೇ ಉರ್ದು ಕಲಿತವರು. ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಮೇಜಿನ ಮೇಲಿಟ್ಟು “ತ… ರ…” ಎಂದು ನಿಂತರು. ಎದುರಿಗೆ ನಿಂತಿದ್ದ ನಾನು ತಲೆಕೆಳಗಾಗಿಯೇ ಓದಿ, “ತರಗತಿ ಅಂತ ಅದ್ರಿ,” ಎಂದೆ.

“ತರಗತಿ ಅಂದ್ರ ಜಮಾತ್ ಅಲ್ಲೇನ್ರಿ?” ಎಂದು ಅವರು ಕಾಕಾರನ್ನು ಕೇಳಿದರು.

“ಹೌದ್ರಿ, ಜಮಾತ್,” ಎಂದರು ಕಾಕಾ.

ತರಗತಿಯೆಂದರೆ ಜಮಾತ್ ಎಂದು ಇಬ್ಬರು ಹಿರಿಯರು ನನ್ನ ಮೂಗಿನ ಮುಂದೆ ಇತ್ಯರ್ಥ ಮಾಡಿದರು. ಆ ಪದವನ್ನು ಓದಿಕೊಟ್ಟವಳೂ ನಾನೇ. ಇಷ್ಟಾದ ಮೇಲೆ ಹುಡುಗಿಗೆ ಪ್ರಶ್ನೆ ತಿಳಿಯಲಿಲ್ಲ ಎಂದು ಯಾವ ಬಾಯಿಂದ ಹೇಳುತ್ತಾರೆ?

ಗುಮಾಸ್ತರು ಲೇಖಣಿ ಅದ್ದಿ, “ನಿಂದು ಜಮಾತ್ ಯಾವುದು ತಾಯಿ?” ಎಂದರು.

“ಐದು ಮಂದಿ ಅದೇವ್ರಿ.”

“ಜಮಾತ್ ಕೇಳ್ದೆವ್ವಾ, ದೋಸ್ತರನ್ನಲ್ಲ.”

“ಗೊತ್ತದ್ರಿ. ಬರ್ಕೋಳೂದಿದ್ರ ಐದೂ ಮಂದಿ ಹೆಸರು ಬರ್ಕೋರಿ.”

ಪಕ್ಕದ ಕೋಣೆಯವರೂ ನಕ್ಕರು. ಕಾಕಾ ನನ್ನ ರಟ್ಟೆ ಹಿಂಡಿದರು. ನಗು ಕೇಳಿ ಬಂದ ಹೆಡ್‌ಮಿಸ್ಟ್ರೆಸ್ ಮಾತ್ರ ನಗಲಿಲ್ಲ. “ಐದು ಸೀಟು ನನ್ನ ಹತ್ತಿರ ಇಲ್ಲಮ್ಮ,” ಎಂದರು. “ಹಂಗಾದ್ರ ಒಂದೂ ಬ್ಯಾಡ್ರಿ,” ಎಂದೆ. ಅವರು ಅಪ್ಪನ ಕಡೆ ತಿರುಗಿ, ಮುಂದಿನ ಸೋಮವಾರದವರೆಗೆ ಸೀಟು ಇಟ್ಟಿರುತ್ತೇನೆ, ಯೋಚನೆ ಮಾಡಿ ಬನ್ನಿ ಎಂದರು. ಸೀಟು ತಪ್ಪಿತು ಎನ್ನುವುದೂ ಹಾಗಾದರೆ ಸುಳ್ಳು. ವಾರವಿಡೀ ಬಾಗಿಲು ತೆರೆದೇ ಇತ್ತು.

ಕಾಕಾ ಸಿಟ್ಟಿನಿಂದ ನಮಗಿಂತ ಮೊದಲೇ ಔರಾದದ ಬಸ್ಸು ಹತ್ತಿ ಹೋದರು. ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಪುಟಾಣಿ ತಿನ್ನುತ್ತ ಕುಳಿತೆವು.

“ನಿನಗ ಆ ಸಾಲಿ ಮನಸ್ಸಿಗಿ ಬರ್ಲಿಲ್ಲೇನ?” ಎಂದರು ಅಪ್ಪ.

“ಬಂತಪ್ಪಾ. ಭಾಳ ಬಂತು.”

“ಮತ್ತ ಯಾಕ?”

“ನಾ ಹೋದ್ರ ಅವರು ನಾಲ್ಕೂ ಮಂದಿ ಮನ್ಯಾಗ ಕೂಡ್ತಾರ.”

“ನೀ ಹೋಗ್ಲಿಲ್ಲಂದ್ರ ನೀ ಹಿಂದ ಬೀಳ್ತಿ.”

“ಬೀಳ್ತೀನಿ.”

ಅಪ್ಪ ಅಂಗೈಯಲ್ಲಿದ್ದ ಪುಟಾಣಿಯ ಹೊಟ್ಟು ಊದಿದರು. “ನಾಳಿ ದೊಡ್ಡಾಕಿ ಆದ ಮ್ಯಾಲ, ನಮ್ಮಪ್ಪ ಅವತ್ತ ಎಳಕೊಂಡು ಒಯ್ದು ಸಾಲಿಗಿ ಹಾಕಬೇಕಿತ್ತು ಅಂತ ನನ್ನ ಮ್ಯಾಲ ಹಾಕ್ತಿಯೇನ?”

“ಹಾಕಂಗಿಲ್ಲ.”

ಹಾಕಿಲ್ಲ. ನನ್ನ ಬದುಕಿನಲ್ಲಿ ಕೊಟ್ಟ ಮಾತುಗಳಲ್ಲಿ ಪೂರ್ತಿ ನಡೆಸಿದ್ದು ಅದೊಂದೇ ಇರಬಹುದು. ಸೋಮವಾರ ಬಂತು, ಹೋಯಿತು; ಅಪ್ಪ ಬೀದರಿಗೆ ಹೋಗಲಿಲ್ಲ.

ಭಾಲ್ಕಿಯ ಶಾಲೆ ಕಾಕಾ ಹೇಳಿದ್ದಕ್ಕಿಂತಲೂ ಕೆಟ್ಟದಾಗಿತ್ತು. ಸರ್ ಒಳ್ಳೆಯವರು, ದಕ್ಷಿಣದ ಜಿಲ್ಲೆಯವರು. ನಮ್ಮ ಬಿಸಿಲಿಗೂ ಭಾಷೆಗೂ ಬಳಲಿ, ಐದು, ಆರು, ಏಳು ಮೂರೂ ತರಗತಿಗಳನ್ನು ಒಂದೇ ಪಡಸಾಲೆಯಲ್ಲಿ ಕೂಡಿಸಿ ಕಲಿಸುತ್ತಿದ್ದರು. ನಾವು ‘ಸಾಲಿ’ ಎಂದು ಬರೆದಲ್ಲೆಲ್ಲ ಕೆಂಪು ಗೀಟು ಎಳೆದು ‘ಶಾಲೆ’ ಎಂದು ತಿದ್ದುವುದರಲ್ಲಿ ಅವರ ಬಹಳಷ್ಟು ಹೊತ್ತು ಹೋಗುತ್ತಿತ್ತು.

“ಸರ್, ನಮ್ಮ ಸಾಲ್ಯಾಗ ಕೂತು ಸಾಲಿ ಅನ್ನಬಾರದೇನ್ರಿ?” ಎಂದು ದರ್ಜಿಯ ಮಗಳು ಒಂದು ದಿನ ಎದ್ದು ನಿಂತು ಕೇಳಿದಳು. ಇಡೀ ಪಡಸಾಲೆ ನಕ್ಕಿತು. ಸರ್ ಕೂಡ ನಕ್ಕರು. ಆದರೆ ಗೀಟು ನಿಲ್ಲಲಿಲ್ಲ. ಗಣಿತ ಮಾತ್ರ ನಿಂತೇ ಹೋಯಿತು. ಏಳನೆಯದಕ್ಕೆ ಬರುವ ಹೊತ್ತಿಗೆ ಬೀಜಗಣಿತದ ಪುಸ್ತಕದ ಅರ್ಧ ಹಾಳೆಗಳ ಅಂಚು ಕೂಡ ಮಡಿಚಿರಲಿಲ್ಲ.

ನಾವು ಕಲಿತದ್ದು ದಾರಿಯಲ್ಲಿ. ಹೋಗುವಾಗ ಒಂದೂವರೆ ತಾಸು, ಬರುವಾಗ ಒಂದೂವರೆ ತಾಸು. ಹಳ್ಳದ ಉಸುಕಿನಲ್ಲಿ ನಾನು ಬಡಿಗೆಯ ತುದಿಯಿಂದ ಒತ್ತಕ್ಷರ ಬರೆಯುತ್ತಿದ್ದೆ, ಅವರು ಓದುತ್ತಿದ್ದರು. ದರ್ಜಿಯ ಮಗಳು ತನ್ನ ಹೆಸರನ್ನು ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆದು, ನಾವು ಎಡದಿಂದ ಬಲಕ್ಕೆ ಬರೆದ ನಮ್ಮ ಹೆಸರಿಗೆ ಎದುರಾಗಿ ತಂದು ನಿಲ್ಲಿಸುತ್ತಿದ್ದಳು. ಅಕ್ಕತಂಗಿಯರು ತಮ್ಮ ಓಣಿಯಲ್ಲಿ ಆಗ ನಡೆಯುತ್ತಿದ್ದ ಸಭೆಗಳ ಭಾಷಣಗಳನ್ನು ಕೇಳಿ ಬಂದು, ಮರಾಠಿಯಲ್ಲಿ ಕೈಯೆತ್ತಿ ಹೇಳಿ ತೋರಿಸುತ್ತಿದ್ದರು. ಅದನ್ನು ಕನ್ನಡಕ್ಕೆ ತಿರುಗಿಸುವುದು ಉಳಿದವರ ಪಾಠ. ಪಟೇಲರ ಮೊಮ್ಮಗಳಿಗೆ ಆ ಅಕ್ಕತಂಗಿಯರ ಜೊತೆ ಉಣ್ಣಬಾರದೆಂದು ಮನೆಯಲ್ಲಿ ತಾಕೀತು ಮಾಡಿದ್ದರು. ಮೊದಲ ತಿಂಗಳು ಹಳ್ಳದ ದಂಡೆಯಲ್ಲಿ ಅವಳು ನಾಲ್ಕು ಮಾರು ದೂರ ಕುಳಿತು ಗಂಟು ಬಿಚ್ಚಿದಳು. ಮೂರನೆಯ ತಿಂಗಳಿಗೆ ಆ ನಾಲ್ಕು ಮಾರು ಎಷ್ಟಕ್ಕೆ ಇಳಿದಿತ್ತೆಂದು ನಾನು ಬರೆಯುವುದಿಲ್ಲ. ಅವರ ಮನೆಯವರು ಈ ಊರಲ್ಲಿ ಇನ್ನೂ ಇದ್ದಾರೆ. ಅಕ್ಕತಂಗಿಯರ ಮನೆಯ ಅಗಸಿ ಹಿಂಡಿಗೆ, ಎಂದರೆ ಅಗಸೆಯ ಚಟ್ನಿಪುಡಿಗೆ, ಸಮನಾದದ್ದು ಆ ನಂತರ ನನಗೆ ಎಲ್ಲಿಯೂ ಸಿಕ್ಕಿಲ್ಲ ಎಂದಷ್ಟೇ ಹೇಳಬಲ್ಲೆ. ಪಟೇಲರ ಮೊಮ್ಮಗಳನ್ನು ಕೇಳಿದರೆ ಅವಳೂ ಇದನ್ನೇ ಹೇಳಿಯಾಳು.

ಈಗಿನವರು ನೌಬಾದಿನಲ್ಲೋ ಬೀದರಿನಲ್ಲೋ ಮಕ್ಕಳಿಗೆ ಶಾಲೆ ಹುಡುಕುವಾಗ, ಓದು ಚೆನ್ನಾಗಿದೆಯೋ, ಜೊತೆ ಚೆನ್ನಾಗಿದೆಯೋ ಎಂದು ತೂಗುವುದನ್ನು ಕಾಣುತ್ತೇನೆ. ಓದು ಎನ್ನುವಾಗ ಅವರ ದನಿ ಗಟ್ಟಿಯಾಗುತ್ತದೆ. ಜೊತೆ ಎನ್ನುವಾಗ ಮಿಠಾಯಿಯ ಮಾತು ಬಂದಂತೆ ಸಣ್ಣಗಾಗುತ್ತದೆ. ನಮಗೆ ಜೊತೆ ಎಂದರೆ ಮಿಠಾಯಿಯಾಗಿರಲಿಲ್ಲ. ಜೊತೆಯಿಲ್ಲದ ಹುಡುಗಿಗೆ ಶಾಲೆಯೇ ಇರಲಿಲ್ಲ. ಕನ್ನಡ ನಾಡು ಒಂದಾದದ್ದರಿಂದ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಅಕ್ಷರ ಬಂತು ಎಂದು ಬರೆಯುತ್ತಾರೆ. ಸರಕಾರ ಬೋರ್ಡು ಬದಲಿಸಿತು, ಪುಸ್ತಕ ಕಳಿಸಿತು, ಅಲ್ಲಗಳೆಯುವುದಿಲ್ಲ. ಕುರಿಹಟ್ಟಿಯ ನಾಯಿಗಳನ್ನು ಅದು ಹಿಡಿಯಲಿಲ್ಲ.

ಏಳನೆಯದರ ಪರೀಕ್ಷೆ ಬಂತು. ಪಟೇಲರ ಮೊಮ್ಮಗಳಿಗೆ ಅದಕ್ಕೆ ಮೊದಲೇ ಮೆಹಕರದಲ್ಲಿ ಗಂಡು ಗೊತ್ತಾಗಿ, ಅವಳು ಕೂಡಲಿಲ್ಲ. ಕುಳಿತವರು ನಾವು ನಾಲ್ವರು. ಮೂವರು ಪಾಸಾದರು. ನಾನು ಗಣಿತದಲ್ಲಿ ಫೇಲಾದೆ.

ಈ ಸಂಗತಿಯನ್ನು ನಮ್ಮ ಮನೆಯ ಕಥೆಗಾರರು ಎಂದೂ ಮರೆಯುವುದಿಲ್ಲ, ನಾನೂ ಮುಚ್ಚಿಡುವುದಿಲ್ಲ. ಬೀದರಿನಲ್ಲಿ ಪೇರಲ ಹಣ್ಣು ಕೊಯ್ದು ಕಲಿಸಿದ ಟೀಚರ ಕೈಯಲ್ಲಿ ನಾನು ಫೇಲಾಗುತ್ತಿರಲಿಲ್ಲ. ಬೆಲೆ ತೆರಬೇಕಾಗುತ್ತದೆಂದು ಬಸ್‌ಸ್ಟ್ಯಾಂಡಿನಲ್ಲಿಯೇ ತಿಳಿದಿತ್ತು; ಇಷ್ಟು ಬೇಗ ಎಂದು ತಿಳಿದಿರಲಿಲ್ಲ, ಅಷ್ಟೇ. ಮೂರು ದಿನ ದನದ ಕೊಟ್ಟಿಗೆಯಲ್ಲಿ ಕುಳಿತು ಅತ್ತೆ. ಕಾಕಾ ಔರಾದದಿಂದ ಬಂದು, ಕೊಟ್ಟಿಗೆಯ ಬಾಗಿಲಲ್ಲಿ ನಿಂತು, “ಸರಪಂಚರು ಇಲ್ಲಿದ್ದಾರೇನು? ಪ್ರಜಾ ಪಾಸಾದ್ರು, ಸರಪಂಚ ಫೇಲಾದ್ರು!” ಎಂದರು. ಆಮೇಲೆ ತಾವೇ ಒಳಗೆ ಬಂದು ಸೆಗಣಿಯ ಪಕ್ಕದಲ್ಲಿಯೇ ಕುಳಿತರು. “ನಾನೂ ಕಚೇರಿಯ ಕನ್ನಡ ಪರೀಕ್ಷಾದಾಗ ಫೇಲಾದೆ ತಂಗಿ. ಮನ್ಯಾಗ ಹೇಳಿಲ್ಲ, ನೀನೂ ಹೇಳಬ್ಯಾಡ,” ಎಂದರು. ಇಷ್ಟು ವರ್ಷ ಹೇಳಿರಲಿಲ್ಲ. ಈಗ ಅವರಿಲ್ಲ, ಬರೆಯುತ್ತಿದ್ದೇನೆ.

ಮೂವರಿಗೂ ಭಾಲ್ಕಿಯ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತು. ದಾರಿ ಅದೇ, ನಾಯಿಗಳು ಅವೇ. ದರ್ಜಿಯ ಹೆಂಡತಿ ನಮ್ಮ ಅಂಗಳಕ್ಕೆ ಬಂದು ನಿಂತಳು. ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಫೇಲಾದ ಹುಡುಗಿಯನ್ನು ಮತ್ತೆ ಆ ದಾರಿಯಲ್ಲಿ ನಡೆಸು ಎಂದು ಯಾವ ತಾಯಿ ಬಾಯಿ ಬಿಟ್ಟು ಕೇಳುತ್ತಾಳೆ? ನಾನು ಎದ್ದು ಮುಖ ತೊಳೆದೆ. “ನಾಳಿ ಬರ್ತೀನಿ ಖಾಲಾ. ತಯಾರ ಮಾಡಿ ಇಡ್ರಿ,” ಎಂದೆ.

ಎರಡು ವರ್ಷ ಹೋದೆ, ಅವರಲ್ಲಿ ಸಣ್ಣವಳು ನಾಯಿಗಳಿಗೆ ಅಂಜುವುದನ್ನು ಬಿಡುವವರೆಗೆ. ಅವರನ್ನು ಹೈಸ್ಕೂಲಿನ ಗೇಟಿಗೆ ಮುಟ್ಟಿಸಿ, ಭಾಲ್ಕಿಯ ವಾಚನಾಲಯದಲ್ಲಿ ಸಂಜೆಯವರೆಗೆ ಕುಳಿತಿರುತ್ತಿದ್ದೆ. ಬೆಂಚು ಒಂದೇ, ಅದರ ಮೇಲೆ ಗಂಡಸರು ಪತ್ರಿಕೆ ಓದುತ್ತಿದ್ದರು. ನಾನು ಕಪಾಟಿನ ಪಕ್ಕದಲ್ಲಿ ನೆಲಕ್ಕೆ ಕೂಡುತ್ತಿದ್ದೆ. ಅಲ್ಲಿದ್ದ ಕನ್ನಡ ಪುಸ್ತಕಗಳನ್ನು ಮೊದಲು ಓದಿದೆ, ಅವು ಮುಗಿದ ಮೇಲೆ ಮರಾಠಿಯವನ್ನು. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಅಲ್ಲಗಳೆಯುತ್ತಿತ್ತು. ಅಚ್ಚಾದ ಮಾತನ್ನೂ ಜಗ್ಗಿ ನೋಡಬೇಕೆಂಬ ಚಟ ನನಗೆ ಅಲ್ಲಿ ಹತ್ತಿತು, ಇವತ್ತಿಗೂ ಬಿಟ್ಟಿಲ್ಲ.

ಮೊದಲ ದಿನ, ಜೂನ್ ತಿಂಗಳ ಬೆಳಿಗ್ಗೆ, ಮೂವರನ್ನು ಹಿಂದೆ ಕಟ್ಟಿಕೊಂಡು ಹೊರಟಾಗ ಬಾವಿಯ ಕಟ್ಟೆಯಲ್ಲಿ ನೀರು ಸೇದುತ್ತಿದ್ದವರಲ್ಲಿ ಒಬ್ಬಳು ಹಗ್ಗವನ್ನು ಕೈಯಲ್ಲಿ ಹಾಗೆಯೇ ಹಿಡಿದು ಕೂಗಿದಳು:

“ಏ ಫೇಲಾದಾಕಿ! ನೀ ಎಲ್ಲಿಗಿ ಹೊಂಟಿ?”

“ಪಾಸಾದವರಿಗಿ ಮುಟ್ಟಸ್ಲಾಕ ಹೊಂಟೀನಿ ಯಕ್ಕಾ. ನಿನ್ನ ಮಗಳದು ನಾಲ್ಕನೇದು ಮುಗೀತಲ್ಲ? ನಾಳಿ ಆಕೀಗೂ ಕಳಸು.”

ಅವಳು ಹಗ್ಗವನ್ನು ಮತ್ತೆ ಜಗ್ಗತೊಡಗಿದಳು. ಮರುದಿನ ನಾವು ಹೊರಟಾಗ ಬಾವಿಯ ಹತ್ತಿರ ಒಂದು ಹುಡುಗಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಪಾಟಿಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.